ರಸ್ತೆ ಮಗ್ಗುಲು ಬದಲಿಸುವ ಸೇತುವೆ

ತೊಪ್ಪೂರು ಕಣಿವೆಯ ಇಳಿಜಾರಿನಲ್ಲಿ ಮಳೆ ಹನಿಯುವಾಗ ಒಂದು ವಾಸನೆ ಏಳುತ್ತದೆ. ಕಾದ ಬ್ರೇಕಿನದು, ಒದ್ದೆ ಟಾರ್ಪಾಲಿನದು, ಸ್ವಲ್ಪ ಮಣ್ಣಿನದು. ಧರ್ಮಪುರಿಯಿಂದ ಸೇಲಂಗೆ ಬರುವ ಬಸ್ಸಿನಲ್ಲಿ ಆ ವಾಸನೆ ಬಡಿದ ಕೂಡಲೇ ಜನ ದೇವರನ್ನು ನೆನೆಯುತ್ತಾರೆ, ಯಾಕೆಂದರೆ ಅಲ್ಲಿ ಯಾವ ಲಾರಿ ಯಾವಾಗ ಯಾರ ಮೇಲೆ ಬರುತ್ತದೋ ಹೇಳಲಾಗದು. ಮೊನ್ನೆ ಪಕ್ಕದ ಸೀಟಿನ ಹೆಂಗಸು ಮುರುಗಾ ಎಂದಳು. ನಾನು ಬಾಯಿತಪ್ಪಿ ವಿಯೆಂಟಿಯಾನ್ ಎಂದೆ. ಅದು ಯಾವ ಊರಿನ ಸಾಮಿ ತಂಬಿ ಎಂದು ಆಕೆ ತಮಿಳಿನಲ್ಲಿ ವಿಚಾರಿಸಿದಳು. ದೂರದ ಊರಿನದು, ನಿದ್ದೆ ಕೊಡುವ ಸಾಮಿ ಎಂದೆ. ಆಕೆ ಸೆರಗು ಸರಿಮಾಡಿಕೊಂಡು ಒಂದು ಸಲ ಕೈ ಮುಗಿದೇಬಿಟ್ಟಳು. ಬಸ್ಸು ತಿರುವಿನಲ್ಲಿ ವಾಲಿತು. ನಾನು ಎರಡು ವರ್ಷದ ಹಿಂದಿನ ಆಡಿ ತಿಂಗಳೊಳಕ್ಕೆ ವಾಲಿಬಿಟ್ಟೆ.

ನಮ್ಮದು ಸೇಲಂ ಗುಗೈ ಕಡೆಯ ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು, ಹೊಸಿಲ ಮೇಲೆ ನಿಂತರೆ ಎರಡೂ. ಇಂಥ ಕಡೆ ಹುಟ್ಟಿದವನು ಮಿಮಿಕ್ರಿ ಮಾಡದೆ ಇನ್ನೇನು ಮಾಡುತ್ತಾನೆ? ಮದುವೆಯ ಆರತಕ್ಷತೆಗಳಲ್ಲಿ ಮೈಕು ಹಿಡಿದು ಷೇರ್ ಆಟೋ, ರೇಷನ್ ಅಂಗಡಿಯ ತಕ್ಕಡಿ, ಮಗ್ಗದ ಲಾಳಿ, ಅಳಬೇಕೋ ಬೇಡವೋ ಎಂದು ಫೋಟೋದವನ ಮುಖ ನೋಡುವ ಹೆಣ್ಣಿನ ತಂದೆ, ಎಲ್ಲರ ದನಿ ತೆಗೆಯುವುದು ನನ್ನ ಉದ್ಯೋಗ. ಉಳಿದ ದಿನ ಮೊಬೈಲ್ ಅಂಗಡಿಯಲ್ಲಿ ಜನರ ಫೋನಿಗೆ ಗಾಜು ಅಂಟಿಸುತ್ತೇನೆ. ಅದರಲ್ಲೂ ಒಂದು ಗುಳ್ಳೆ ಉಳಿದೇ ಉಳಿಯುತ್ತದೆ. ಆಡಿ, ಅಂದರೆ ಆಷಾಢದ ತಿಂಗಳಲ್ಲಿ ನಮ್ಮ ಕಡೆ ಮದುವೆಗಳಿಲ್ಲ, ನನ್ನ ಬಾಯಿಗೆ ರಜ. ಬಾಯಿಗೆ ರಜ ಸಿಕ್ಕಾಗಲೆಲ್ಲ ಮನೆಯವರಿಗೆ ಕಷ್ಟಕಾಲ.

ಆ ಆಡಿಯಲ್ಲಿ ಶಂಕಗಿರಿಯಿಂದ ಕಮಲತ್ತೆ ಬಂದು ನಮ್ಮ ಜಗುಲಿಯ ಮೇಲೆ ಕೂತಳು. ಅವಳ ಗಂಡ ಚೌಡಪ್ಪ ನನ್ನ ಅಮ್ಮನ ಅಣ್ಣ, ನನ್ನನ್ನು ಮಾಪ್ಳೆ, ಅಂದರೆ ಅಳಿಯ ಎಂದು ಕರೆಯುವ ಮಾವ. ನೇಕಾರರ ಮನೆಯಲ್ಲಿ ಹುಟ್ಟಿಯೂ ಗುಣಿಯಲ್ಲಿ ಕಾಲಿಳಿಬಿಟ್ಟು ಮಗ್ಗದ ಮುಂದೆ ಕೂರಲಾರೆನೆಂದು ಓಡಿಹೋಗಿ ಲಾರಿ ಹತ್ತಿದವನು. ಶಂಕಗಿರಿಯಲ್ಲಿ ಕಲ್ಲೆಸೆದರೆ ಲಾರಿಗೆ ಬೀಳುತ್ತದೆ, ಇಲ್ಲವೆ ಲಾರಿಯವನಿಗೆ. ಮಾವ ಆಯುಷ್ಯವೆಲ್ಲ ಇಂದೋರ್, ಗುವಾಹಟಿ, ಜಮ್ಮು ಎಂದು ಓಡಿಸಿದ. ಆ ವರ್ಷ ಕಣ್ಣಿನ ಪರೀಕ್ಷೆಯಲ್ಲಿ ಎಡಗಣ್ಣು ಕೈಕೊಟ್ಟಿತು. ಮಬ್ಬು ಬೆಳಕಿನಲ್ಲಿ ಎದುರಿನ ಗಾಡಿ ಎರಡೆರಡಾಗಿ ಕಾಣುತ್ತಿತ್ತಂತೆ. ದೊಡ್ಡ ಗಾಡಿಯ ಲೈಸೆನ್ಸು ಮುಂದುವರಿಯಲಿಲ್ಲ. ಮನೆಯಲ್ಲಿ ಕೂತ.

ಕೂತ, ಅಷ್ಟೇ. ಮಲಗಲಿಲ್ಲ. ನಿದ್ದೆ ಎಂಬುದು ಮಾವನನ್ನು ಬಿಟ್ಟು ಬೇರೆ ಯಾವುದೋ ಲೋಡಿಗೆ ಹೊರಟುಹೋಗಿತ್ತು. ಹಾಸಿಗೆ ಅಲ್ಲಾಡುವುದಿಲ್ಲ ಎಂದು ಅವನ ದೂರು. ಅತ್ತೆ ತಲೆಯ ಪಕ್ಕ ಗ್ರೈಂಡರ್ ಓಡಿಸಿ ನೋಡಿದಳು. ದೋಸೆ ಹಿಟ್ಟು ಆಯಿತು, ನಿದ್ದೆ ಆಗಲಿಲ್ಲ. ಮಾತ್ರೆ ನುಂಗಿದರೆ ಮೈ ಮಲಗುತ್ತಿತ್ತು, ಕಣ್ಣು ಕೂತೇ ಇರುತ್ತಿತ್ತು. ಅಂಗಿ ಮೈಮೇಲೆ ದೊಡ್ಡದಾಗುತ್ತ ಬಂತು. ಹೀಗೇ ಹೋದರೆ ಎದೆಗೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಗಲೆಲ್ಲ ಅವನು ಫೋನಿನಲ್ಲಿ ಒಂದೇ ವಿಡಿಯೋ ನೋಡುತ್ತಿದ್ದನಂತೆ. ಥಾಯ್ಲೆಂಡಿನಲ್ಲಿ ನಮ್ಮಂತೆ ಎಡಗಡೆ ಗಾಡಿ ಓಡಿಸುತ್ತಾರೆ, ಲಾವೋಸಿನಲ್ಲಿ ಬಲಗಡೆ. ನಡುವೆ ಮೆಕಾಂಗ್ ಹೊಳೆ, ಹೊಳೆಗೊಂದು ಸೇತುವೆ. ಸೇತುವೆಯ ಆಚೆ ತುದಿಯಲ್ಲಿ ಎಡದಿಂದ ಬಂದ ಗಾಡಿಗಳೆಲ್ಲ ಕತ್ತರಿಯಂತೆ ಅಡ್ಡ ಹಾಯ್ದು ಬಲಕ್ಕೆ ಸೇರುತ್ತವೆ. ಅದೇ ವಿಡಿಯೋ.

"ಅದನ್ನ ನೋಡ್ಬೇಕಂತೆ, ಕಣ್ಣು ಇರೋವಾಗ್ಲೇ," ಎಂದಳು ಅತ್ತೆ. "ನೀನು ಸುಮ್ನೆ ತಾನೇ ಇದ್ದೀಯ, ಕರ್ಕೊಂಡೋಗ್ಲಾ. ಸೇತುವೆ ನೋಡ್ಲಿ, ಬಿಡ್ಲಿ. ಒಂದು ನಿದ್ದೆ ಮಾಡಿಸ್ಕೊಂಡು ಬಾ, ಪೋದುಂ, ಅಷ್ಟು ಸಾಕು."

ತಿರುಚಿಯಿಂದ ಕೌಲಾಲಂಪುರಕ್ಕೆ ಹಾರಿದೆವು. ಸಮುದ್ರಕ್ಕೆ ಇನ್ನೂ ರಸ್ತೆ ಹಾಕಿಲ್ಲವಾದ್ದರಿಂದ ಮಾವ ಅಷ್ಟಕ್ಕೆ ಒಪ್ಪಿದ. ಅಲ್ಲಿಂದ ಮುಂದೆ ಎಲ್ಲವೂ ನೆಲದ ಮೇಲೆಯೇ, ಅದೂ ಎಲ್ಲಕ್ಕಿಂತ ಅಗ್ಗದ ಸೀಟಿನಲ್ಲೇ ಆಗಬೇಕೆಂದ. ಜಿಪುಣತನವಲ್ಲ. ದುಬಾರಿ ಸೀಟಿಗೆ ಕಿಟಕಿ ತೆಗೆಯಲು ಬರುವುದಿಲ್ಲ, ಗಾಳಿ ಬರದ ಗಾಡಿಯಲ್ಲಿ ರೋಡು ಎಲ್ಲಿದೆ ಎಂದು ಗೊತ್ತಾಗುವುದಿಲ್ಲ ಎನ್ನುವುದು ಅವನ ವಾದ. ಆ ವಾದಕ್ಕೆ ಮೊದಲ ರೈಲೇ ಸೋಲು ತಂದಿತು. ಉತ್ತರಕ್ಕೆ ಹೋಗುವ ಆ ರೈಲಿನಲ್ಲಿ ಎಲ್ಲ ಕಿಟಕಿಯೂ ಮುಚ್ಚಿದ್ದವು, ಮೈ ನಡುಗುವಷ್ಟು ಎಸಿ. ಹೊರಗೆ ಎಣ್ಣೆ ತಾಳೆಯ ಸಾಲುಗಳು ಬಾಚಣಿಗೆಯ ಹಲ್ಲಿನಂತೆ ಸರಿಯುತ್ತಿದ್ದವು, ಮಾವ ಲುಂಗಿಯನ್ನು ಕಿವಿಗೆ ಸುತ್ತಿಕೊಂಡು ಕೂತಿದ್ದ.

ಟಿಕೆಟ್ ನೋಡಲು ಬಂದವನು ನನ್ನಷ್ಟೇ ವಯಸ್ಸಿನ ಮಲಯ ಹುಡುಗ. ಮಾವ ಟಿಕೆಟ್ಟನ್ನು ತಲೆಕೆಳಗಾಗಿ ಕೊಟ್ಟ. ಅವನು ನಕ್ಕು, ಓಕೆ ಲಾ, ಎಂದ. ಪಾಸ್‌ಪೋರ್ಟು ಬೇಕಾ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ, ನೋ ನೀಡ್ ಲಾ, ಎಂದ. ಅವನು ಆಚೆ ಹೋದ ಮೇಲೆ ಮಾವ ಲುಂಗಿ ಕಿವಿಯಿಂದ ಬಿಚ್ಚಿ, "ಅವನ್ಯಾಕ್ಲಾ ನನ್ನ ಲಾ ಅಂತಾನೆ? ನಾನೇನ್ ಅವನಿಗೆ ತಮ್ಮನಾ?" ಎಂದ. ನಮ್ಮಲ್ಲಿ ಚಿಕ್ಕವರಿಗೆ, ಸಲಿಗೆಯವರಿಗೆ ಮಾತ್ರ ಲಾ ಎನ್ನುವುದು. ಇಲ್ಲಿ ಊರಿಗೆ ಊರೇ ಎಲ್ಲರಿಗೂ ಲಾ ಎನ್ನುತ್ತದೆ, ಅದು ಇವರ ಮಾತಿನ ಬಾಲ ಎಂದು ನಾನು ತಿಳಿಹೇಳಿದೆ. ಮಾವ ಯೋಚಿಸಿದ. ಮುಂದಿನ ಸ್ಟೇಷನ್ನಿನಲ್ಲಿ ಅದೇ ಹುಡುಗ ಹಾದುಹೋಗುವಾಗ ಬಹಳ ಗತ್ತಿನಿಂದ, "ಟೀ ಸಿಕ್ತದೇನ್ಲಾ?" ಎಂದು ಕನ್ನಡದಲ್ಲೇ ಕೇಳಿದ. ಕ್ಯಾಂಟೀನ್ ಬ್ಯಾಕ್ ಸೈಡ್ ಲಾ, ಎಂದು ಅವನು ತಕ್ಷಣ ಉತ್ತರ ಕೊಟ್ಟ. ನಾನು ವರ್ಷಗಟ್ಟಲೆ ಅಭ್ಯಾಸ ಮಾಡಿ ಜನರ ದನಿ ಹಿಡಿಯುತ್ತೇನೆ. ಮಾವ ಒಂದೇ ಅಕ್ಷರದಲ್ಲಿ ದೇಶ ಹಿಡಿದ.

ಗಡಿಯಲ್ಲಿರುವ ಪದಾಂಗ್ ಬೆಸಾರ್ ಸ್ಟೇಷನ್ನಿನಲ್ಲಿ ಎರಡು ದೇಶದ ಅಧಿಕಾರಿಗಳು ಒಂದೇ ಸೂರಿನಡಿ ಕೂತಿರುತ್ತಾರೆ. ಈ ಕೌಂಟರಿನಿಂದ ಆ ಕೌಂಟರಿಗೆ ಹೋಗುವಷ್ಟರಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಒಂದು ಗಂಟೆ ಪುಕ್ಕಟೆ ಸಿಕ್ಕಿತು, ಮಲಗು ಮಾವ, ಎಂದೆ. ಬೆಂಚಿನ ಮೇಲೆ ಕಾಲು ಚಾಚಿ, ಕಣ್ಣು ತೆರೆದುಕೊಂಡೇ ಆ ಗಂಟೆಯನ್ನು ಅವನು ಕಳೆದ. ಅಲ್ಲಿಂದ ಪುಟ್ಟ ರೈಲೊಂದರಲ್ಲಿ ಹಾಟ್ ಯಾಯ್ ಎಂಬ ಊರಿಗೆ ಹೋಗಬೇಕಿತ್ತು. ಸಂಜೆ ಮಳೆ ಹಿಡಿದು, ಬೋಗಿಯೆಲ್ಲ ಮಂಜುಮಂಜಾಗಿ, ಎಲ್ಲರೂ ತೂಕಡಿಸುತ್ತಿದ್ದಾಗ ಪಕ್ಕದ ಥಾಯ್ ಮುದುಕಿ ನಮ್ಮತ್ತ ಬೆರಳು ತೋರಿಸಿ ಹಾಟ್ ಯಾಯ್, ಹಾಟ್ ಯಾಯ್ ಎಂದಳು. ಮಾವ ದಡಬಡನೆ ಎದ್ದು ನಿಂತ. "ಅಟ್ಟಿ ಬಂತಾ?"

ಹಕಾರವನ್ನು ನಮ್ಮ ಜನ ತಿಂದುಬಿಡುತ್ತಾರೆ, ಹಟ್ಟಿ ನಮ್ಮ ಬಾಯಲ್ಲಿ ಅಟ್ಟಿ. ಅಟ್ಟಿ ಎಂದರೆ ಮನೆ. ಕೈಯಲ್ಲಿ ಚೀಲ, ಕಣ್ಣಲ್ಲಿ ಶಂಕಗಿರಿ, ಎದುರಿಗೆ ಮಳೆಯಲ್ಲಿ ಮಿನುಗುವ ಥಾಯ್ ಅಕ್ಷರಗಳು. ಆ ಮುಖವನ್ನು ನಾನು ಮುಂದೆ ಬಹಳ ಮದುವೆಗಳಲ್ಲಿ ಮಾಡಿ ತೋರಿಸಿದ್ದೇನೆ, ಜನ ಬಿದ್ದು ಬಿದ್ದು ನಕ್ಕಿದ್ದಾರೆ. ಅಂದು ಮಾತ್ರ ನಾನು ನಗಲಿಲ್ಲ. ಇನ್ನೂ ಇಲ್ಲ ಮಾವ, ಎಂದು ಚೀಲ ಇಸಿದುಕೊಂಡೆ.

ಮುಂದಿನ ದಿನಗಳನ್ನು ಬಿಡಿಸಿ ಹೇಳು ಎಂದರೆ ನನಗೆ ಬಾರದು. ಅವು ಒಂದರೊಳಗೊಂದು ಒದ್ದೆಯಾಗಿ ಅಂಟಿಕೊಂಡಿವೆ. ಉತ್ತರಕ್ಕೆ ಹೋಗುವ ಮೂರನೇ ದರ್ಜೆಯ ರೈಲು, ಮರದ ಬೆಂಚು, ಪೂರ್ತಿ ಕೆಳಗಿಳಿಯುವ ಕಿಟಕಿ. ಕೊನೆಗೂ ಮಾವನಿಗೆ ಗಾಳಿ ಸಿಕ್ಕಿತ್ತು. ರಬ್ಬರ್ ತೋಟದೊಳಗೆ ನಸುಗತ್ತಲು, ತೋಟ ಮುಗಿದರೆ ಹೊಳೆಯುವ ಗದ್ದೆ, ಗದ್ದೆಯ ನಡುವೆ ಯಾರೋ ಮರೆತು ಹೋದಂತೆ ನೆಟ್ಟಗೆ ನಿಂತ ಸುಣ್ಣಕಲ್ಲಿನ ಗುಡ್ಡ. ಮಳೆ ಒಳಗೆ ಬರುತ್ತಿತ್ತು, ಯಾರೂ ಕಿಟಕಿ ಏರಿಸುತ್ತಿರಲಿಲ್ಲ. ಬಿದಿರಿನ ಕೊಳವೆಯಲ್ಲಿ ಬೇಯಿಸಿದ ಸಿಹಿ ಅನ್ನ ಮಾರುವ ಹೆಂಗಸರು ಒಂದು ಸ್ಟೇಷನ್ನಿನಲ್ಲಿ ಹತ್ತಿ ಇನ್ನೊಂದರಲ್ಲಿ ಕರಗುತ್ತಿದ್ದರು. ಅವರ ಕೂಗನ್ನು ನಾನು ಅಲ್ಲೇ ಕಲಿತು ಅವರ ಹಿಂದೆಯೇ ಕೂಗುತ್ತಿದ್ದೆ. ಒಬ್ಬಳು ತಿರುಗಿ ನನ್ನ ಕೈಗೇ ಬುಟ್ಟಿ ಕೊಟ್ಟು, ಹಾಗಾದರೆ ಮಾರು, ಎಂಬಂತೆ ಕೈಯಾಡಿಸಿದಳು. ನನ್ನ ಕೈಲಿ ಒಂದು ಕೊಳವೆಯೂ ಖರ್ಚಾಗಲಿಲ್ಲ. ಬೋಗಿಗೆ ಬೋಗಿಯೇ ನಕ್ಕಿತು, ಮಾವನೂ ಸ್ವಲ್ಪ.

ಆ ನಗುವಿನ ಬಿಸುಪಿನಲ್ಲೇ ಕೇಳಿದೆ: ಲಾರಿಯಲ್ಲಿ ಹೇಗೆ ಮಲಗುತ್ತಿದ್ದೆ ಮಾವ?

ಮಾವ ಮುನಿಯನ ಕತೆ ತೆಗೆದ. ನಲ್ಲಂಪಳ್ಳಿಯ ಮುನಿಯಣ್ಣ ಬಹಳ ಕಾಲ ಅವನ ಜೋಡಿ ಡ್ರೈವರ್. ಈಗ ಊರಲ್ಲಿ ಟೊಮೆಟೊ ಬೆಳೆದು ಮೊಮ್ಮಕ್ಕಳನ್ನು ಗದರಿಸಿಕೊಂಡು ಸುಖವಾಗಿದ್ದಾನೆ. ದೂರದ ಓಟದಲ್ಲಿ ಒಬ್ಬ ಓಡಿಸಿದರೆ ಇನ್ನೊಬ್ಬ ಹಿಂದಿನ ಹಲಗೆಯ ಮೇಲೆ ಮಲಗಬೇಕು. ಆದರೆ ಸುಮ್ಮನೆ ಜಾಗ ಬದಲಿಸಿದರೆ ಆಗುವುದಿಲ್ಲ. ಸ್ಟೇರಿಂಗ್ ಹಿಡಿದವನು ರೋಡು ನೋಡಿಕೊಂಡು, ಗಟ್ಟಿಯಾಗಿ, "ಗಾಡಿ ನಂದು" ಎನ್ನಬೇಕು. ಆ ಮಾತು ಕಿವಿಗೆ ಬಿದ್ದ ಮೇಲೇ ಇನ್ನೊಬ್ಬನ ಕಣ್ಣು ಮುಚ್ಚುವುದು. ಮರೆತು ಅನ್ನದೇ ಹೋದರೆ, ಹಲಗೆಯ ಮೇಲೆ ಬಿದ್ದುಕೊಂಡವನು ನಾಗಪುರದವರೆಗೂ ಎಚ್ಚರವಾಗಿರುತ್ತಾನೆ. ಅವನ ಕಾಲು ಸುಮ್ಮನೆ ಬ್ರೇಕ್ ತುಳಿಯುತ್ತಲೇ ಇರುತ್ತದೆ.

ಇಷ್ಟೇನಾ ಎನಿಸಿತು ನನಗೆ. ಬೀಗದಕೈ ಸಿಕ್ಕಿದ ಮೇಲೆ ಬೀಗ ಎಷ್ಟು ಹೊತ್ತು? ಮುನಿಯಣ್ಣನ ದನಿ ನನಗೆ ಬಾಲ್ಯದಿಂದ ಬಾಯಿಪಾಠ. ಬೀಡಿಯಲ್ಲಿ ಕಾಯಿಸಿ ಎಲೆಅಡಿಕೆಯಲ್ಲಿ ನೆನೆಹಾಕಿದಂಥ ದನಿ. ಗಂಟಲು ಸರಿಮಾಡಿಕೊಂಡು, ಆ ಗೊಗ್ಗರು, ಆ ಎಳೆತ, ಎಲ್ಲ ಸೇರಿಸಿ, ಗಾಡಿ ನಂದು ಚೌಡಾ, ಎಂದೆ. ಮಾವ ಕಣ್ಣು ಮುಚ್ಚಿದ. ನಿಜವಾಗಿ ಮುಚ್ಚಿದ. ಹಣೆಯ ಗೆರೆಗಳು ಒಂದೊಂದಾಗಿ ಸಡಿಲಾದದ್ದನ್ನು ಕಂಡೆ. ಅತ್ತೆಗೆ ಫೋನ್ ಮಾಡಿ ಹೇಗೆ ಹೇಳುವುದು, ಯಾವ ದನಿಯಲ್ಲಿ ಹೇಳುವುದು ಎಂದು ಮನಸ್ಸಿನಲ್ಲೇ ಅಭ್ಯಾಸ ಶುರುಮಾಡಿದೆ.

"ಎಡಗಡೆ ಈಗ ಏನು ಓಯ್ತು?" ಎಂದ ಮಾವ, ಕಣ್ಣು ತೆರೆಯದೆ.

ನನಗೆ ಗೊತ್ತಿರಲಿಲ್ಲ. ನಾನು ಅವನ ಮುಖ ನೋಡುತ್ತಿದ್ದೆ. ಮರ ಇರಬಹುದು ಎಂದೆ. ಮಾವನ ಕಣ್ಣು ತೆರೆಯಿತು.

"ದನಿ ಮುನೀದೇ ಮಾಪ್ಳೆ," ಎಂದ. "ಕಣ್ಣು ಮುನೀದಲ್ಲ."

ಅವನು ಸಿಟ್ಟಾಗಿದ್ದರೆ ಅಣಕಿಸಿ ಹಗುರ ಮಾಡಿಕೊಳ್ಳಬಹುದಿತ್ತು. ಸಿಟ್ಟಾಗಲಿಲ್ಲ, ಕಿಟಕಿಯತ್ತ ತಿರುಗಿ ಕೂತ, ಅಷ್ಟೇ.

ಬ್ಯಾಂಕಾಕಿನಲ್ಲಿ ನಾವು ಏನು ನೋಡಿದೆವು ಎಂದು ಬೀದಿಯವರೆಲ್ಲ ಕಣ್ಣು ಮಿಟುಕಿಸಿ ಕೇಳಿದ್ದುಂಟು. ರೈಲ್ವೆ ಸ್ಟೇಷನ್ ನೋಡಿದೆವು, ಬಸ್ ಸ್ಟ್ಯಾಂಡ್ ನೋಡಿದೆವು. ಅಲ್ಲಿಂದ ಈಶಾನ್ಯಕ್ಕೆ ಹೋಗುವ ಬಸ್ಸುಗಳನ್ನು ಒಂದರ ನಂತರ ಒಂದು ಹಿಡಿದೆವು. ಸೀಲಿಂಗಿನಲ್ಲಿ ಫ್ಯಾನು, ಡ್ರೈವರನ ಮುಂದೆ ಮಲ್ಲಿಗೆಯ ಹಾರ. ಅದನ್ನು ನೋಡಿ ಮಾವ, ಇವನು ನಮ್ಮವನೇ, ಎಂದ.

ಆ ಬಸ್ಸುಗಳಲ್ಲಿ ನಾನು ರಸ್ತೆ ನೋಡಲು ಕೂತೆ. ಮೊದಲು ಹಠಕ್ಕೆ, ಮತ್ತೊಮ್ಮೆ ಎಡಗಡೆ ಏನು ಹೋಯಿತು ಎಂದರೆ ಉತ್ತರ ಇರಬೇಕಲ್ಲ. ಫೋನು ಚೀಲದೊಳಗೆ ಹಾಕಿದೆ. ರಸ್ತೆಯನ್ನು ನೋಡುವುದು ಸುಲಭವಲ್ಲ ಎಂದು ಅರ್ಧ ದಿನದಲ್ಲೇ ಗೊತ್ತಾಯಿತು. ಕಣ್ಣು ಚೆಂದದ್ದರ ಮೇಲೆ ಕೂತುಬಿಡುತ್ತದೆ. ತಾವರೆಕೊಳ ಬಂದರೆ ಕೊಳದಲ್ಲೇ ಉಳಿದು, ಕೊಳದ ಪಕ್ಕ ರಸ್ತೆಗಿಳಿಯುವ ಎಮ್ಮೆ ಕಾಣುವುದೇ ಇಲ್ಲ. ಮಾವ ಮಾತಿನ ನಡುವೆ ಸುಮ್ಮನೆ ಕೇಳುತ್ತಿದ್ದ, ಹಿಂದೆ ಬಂದದ್ದು ಯಾವ ಗಾಡಿ, ಮುಂದಿನವನು ಎಷ್ಟು ಸಲ ಬ್ರೇಕ್ ಮುಟ್ಟಿದ. ತಪ್ಪಿದರೆ ಬೈಯುತ್ತಿರಲಿಲ್ಲ, ಸರಿಯಾದರೆ ಹೊಗಳುತ್ತಿರಲಿಲ್ಲ. ನಾನು ಬಾಯಲ್ಲೇ ಹೇಳಿಕೊಳ್ಳತೊಡಗಿದೆ: ಕಬ್ಬಿನ ಟ್ರಾಕ್ಟರ್, ಸ್ಕೂಟರ್ ಮೇಲೆ ಮೂವರು ಹುಡುಗಿಯರು, ಒಂದು ಛತ್ರಿ, ಎಡಗಡೆ ದೇವಸ್ಥಾನ, ಬಲಗಡೆ ನಾಯಿ, ನಾಯಿ ನಿಂತಿತು. ಹೇಳುತ್ತ ಹೇಳುತ್ತ ಅದೊಂದು ಜೋಗುಳದಂತಾಗಿ, ಅದು ನನಗೇ ನಿದ್ದೆ ತರಿಸುತ್ತಿತ್ತು. ಆಗ ತೊಡೆ ಚಿವುಟಿಕೊಳ್ಳುತ್ತಿದ್ದೆ. ಆ ದಿನಗಳಲ್ಲಿ ನಾನು ಯಾರ ದನಿಯನ್ನೂ ತೆಗೆಯಲಿಲ್ಲ. ತೆಗೆಯಬಾರದು ಎಂದಲ್ಲ, ಬಿಡುವಾಗಲಿಲ್ಲ. ಪಕ್ಕದಲ್ಲಿ ಮಾವ ಎಚ್ಚರವಾಗಿಯೇ ಇದ್ದ, ಬಲಗಾಲು ಆಗಾಗ ನೆಲ ಒತ್ತುತ್ತಿತ್ತು. ಅವನ ಕೆನ್ನೆ ಇನ್ನೂ ಒಳಗೆ ಹೋಗಿತ್ತು. ಕೊನೆಯ ಊರು ಹತ್ತಿರವಾಗುತ್ತಿತ್ತು, ಅತ್ತೆಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಕೋರಾಟ್ ಎಂಬ ಊರಿನ ಬಸ್ ಸ್ಟ್ಯಾಂಡಿನಲ್ಲಿ ಮಳೆ ನಿಲ್ಲಲೆಂದು ಕಾಯುತ್ತ ಬಟ್ಟಲಲ್ಲಿ ನೂಡಲ್ಸ್ ತಿನ್ನುತ್ತಿದ್ದೆವು. ಮಾವ ಚಾಪ್‌ಸ್ಟಿಕ್ಕನ್ನು ಮಗ್ಗದ ಕಡ್ಡಿಯಂತೆ ಹಿಡಿದು, ಒಂದೆಳೆ ಎತ್ತಿ, ಇದು ನಮ್ಮಪ್ಪನ ಶಾಪ ಮಾಪ್ಳೆ, ನೂಲು ಬಿಟ್ಟು ಓಡಿದವನಿಗೆ ನೂಲನ್ನೇ ತಿನ್ನಿಸ್ತಾ ಅವನೆ, ಎಂದ. ಆಮೇಲೆ, ಅದೇ ಎಳೆಯನ್ನು ಬಟ್ಟಲಿಗೆ ಇಳಿಸುತ್ತ, ಕೇಳದೆಯೇ ಹೇಳಿದ.

"ಕಡೇ ದಿನ ಲಾರಿ ಆಫೀಸಿಗೆ ಓದೆ. ಬೀಗದಕೈ ಟೇಬಲ್ ಮ್ಯಾಲೆ ಇಟ್ಟೋಗಿ ಅಂದ್ರು. ಇಟ್ಟೆ. ಗಾಡಿ ಒರಗಡೆ ನಿಂತಿತ್ತು, ಬಿಸಿ ಇನ್ನೂ ಆರಿರ್ಲಿಲ್ಲ. ಗಾಡಿ ನಂದು ಅಂತ ಯಾರೂ ಅನ್ಲಿಲ್ಲ ಕಣ್ಲಾ."

ಸೂರಿನಿಂದ ನೀರು ಹಗ್ಗದಂತೆ ಇಳಿಯುತ್ತಿತ್ತು.

ಉಡಾನ್ ಥಾನಿಯಿಂದ ಗಡಿ ದಾಟಿ ಲಾವೋಸಿನ ರಾಜಧಾನಿ ವಿಯೆಂಟಿಯಾನ್‌ಗೆ ಹೋಗುವ ಬಸ್ಸು ಹತ್ತಿದ್ದು ಒಂದು ಮಧ್ಯಾಹ್ನ. ಸೇತುವೆಯ ಈ ತುದಿಯಲ್ಲಿ ಎಲ್ಲರನ್ನೂ ಇಳಿಸಿ, ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ ಮತ್ತೆ ಹತ್ತಿಸಿದರು. ಮಾವ ಎಡಗಡೆಯ ಕಿಟಕಿಗೆ, ಮುಂದಿನಿಂದ ಎರಡನೇ ಸಾಲು, ನಾನು ಅವನ ಪಕ್ಕ. ಬಸ್ಸು ಸೇತುವೆ ಏರಿತು, ಸ್ವಲ್ಪ ದೂರ ಹೋಗಿ ನಿಂತಿತು. ಮುಂದೆ ಲಾರಿಗಳ ಸಾಲು. ಮಳೆ ಜೋರಾಗಿ ಗಾಜಿನ ಮೇಲೆ ಇಡೀ ಲೋಕ ಕದಡಿಹೋಗಿತ್ತು. ಕೆಳಗೆ ಮೆಕಾಂಗ್, ಕಾವೇರಿಯ ಹೊಸನೀರಿನ ಬಣ್ಣ, ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ಅಗಲ. ಆ ಬೆಳಕಿನಲ್ಲಿ ಮಾವ ಕಣ್ಣು ಕಿರಿದು ಮಾಡಿ ಮುಂದೆ ನೋಡಿದ, ಉಜ್ಜಿಕೊಂಡು ಮತ್ತೆ ನೋಡಿದ.

"ಮುಂದೆ ಏನೈತೆ?" ಎಂದ.

ಹದಿನೆಂಟು ಚಕ್ರದ್ದು, ಎಂದೆ. ಹಸಿರು ಟಾರ್ಪಾಲು. ಹಿಂದಿನ ಎಡಗಡೆಯ ಹಗ್ಗ ಸಡಿಲಾಗಿ ಗಾಳಿಗೆ ಬಡಿಯುತ್ತಿದೆ. ಅದರ ಮುಂದೆ ಎರಡು ಸಿಮೆಂಟ್ ಗಾಡಿ, ಎರಡನೆಯವನ ಬ್ರೇಕ್ ದೀಪ ಒಂದೇ ಉರಿಯುತ್ತಿದೆ. ಅದರಾಚೆ ಸಿಗ್ನಲ್, ಕೆಂಪು. ಎದುರಿನಿಂದ ಬರುವವರು ಇನ್ನೂ ನಮ್ಮ ಬಲಗಡೆಯಲ್ಲೇ ಬರುತ್ತಿದ್ದಾರೆ.

ಮಾವ ತಲೆಯಾಡಿಸಿದ. ಹಗ್ಗ ಕಟ್ಟಿದವನ ವಂಶಕ್ಕೆ ಒಂದು ಸಣ್ಣ ಬೈಗುಳ ತಮಿಳಿನಲ್ಲಿ ಸಲ್ಲಿಸಿದ. ಕಾಲನ್ನು ಮುಂದಿನ ಸೀಟಿನಡಿ ಚಾಚಿದ. ಮತ್ತೆ, ಲೆಕ್ಕ ಮುಗಿಸಿದವನ ದನಿಯಲ್ಲಿ, "ಸರಿ. ಗಾಡಿ ನಿಂದು," ಎಂದು ಕಣ್ಣು ಮುಚ್ಚಿದ.

ನಾನು ಪರೀಕ್ಷೆಯ ಪ್ರಶ್ನೆಗೆ ಕಾದೆ. ಎಡಗಡೆ ಕಂಬಿ, ಕಂಬಿಯಾಚೆ ಹೊಳೆ, ಹೊಳೆಯಲ್ಲಿ ಒಂಟಿ ದೋಣಿ, ಉತ್ತರ ಸಿದ್ಧವಾಗಿತ್ತು. ಪ್ರಶ್ನೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮಾವನ ಬಾಯಿ ತೆರೆದುಕೊಂಡಿತು, ಬಲಗಾಲು ನೆಲ ಒತ್ತುವುದನ್ನು ಬಿಟ್ಟು ಮಗುವಿನ ಕಾಲಿನಂತೆ ಹೊರಕ್ಕೆ ವಾಲಿತು. ಗೊರಕೆ ಶುರುವಾಯಿತು. ಘಾಟಿ ಏರುವ ಲಾರಿಯಂಥ ಗೊರಕೆ.

ಅಷ್ಟರಲ್ಲಿ ಸಾಲು ಕದಲಿತು. ಬಸ್ಸು ತೆವಳುತ್ತ ಸೇತುವೆಯ ತುದಿಗೆ ಬಂತು. ಮಾವ ತಿಂಗಳುಗಟ್ಟಲೆ ಫೋನಿನಲ್ಲಿ ನೋಡಿದ್ದ ಜಾಗ ಅದೇ. ರಸ್ತೆಯ ಮೇಲೆ ಬಿಳಿ ಬಾಣಗಳು ಮಳೆಯಲ್ಲಿ ತೇಲುತ್ತಿದ್ದವು. ನಾನು ಅವನ ಭುಜದ ಹತ್ತಿರ ಕೈ ತಂದೆ. ಇಷ್ಟು ದೂರ ಬಂದದ್ದು ಇದಕ್ಕೇ. ಮರಳಿ ಹೋಗುವಾಗ ಸೇತುವೆ ದಾಟುವುದು ರೈಲಿನಲ್ಲಿ, ಅದಕ್ಕೆ ಎಡ ಬಲ ಇಲ್ಲ. ಇನ್ನೊಂದು ವರ್ಷಕ್ಕೆ ಆ ಕಣ್ಣಿಗೆ ಎಷ್ಟು ಕಾಣುತ್ತದೋ. ಮುಟ್ಟಿದರೆ ಸಾಕು, ಎದ್ದುಬಿಡುತ್ತಾನೆ. ಆದರೆ ಎದ್ದರೆ ಗಾಡಿ ಮತ್ತೆ ಅವನದಾಗುತ್ತದೆ. ನಾನು ಕೈ ಹಿಂದಕ್ಕೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ನೆಟ್ಟಗೆ ಮುಂದೆ ನೋಡಿದೆ.

ದೀಪ ಹಸಿರಾಯಿತು. ಹಸಿರು ಟಾರ್ಪಾಲಿನ ಲಾರಿ ಬಲಕ್ಕೆ ಬಾಗಿತು, ನಾವು ಅದರ ಬೆನ್ನಿಗೆ. ಮಾವನ ತಲೆ ಮೊದಲು ಕಿಟಕಿಗೆ ಒತ್ತಿಕೊಂಡಿತು. ಬಸ್ಸು ಆಚೆ ಮಗ್ಗುಲಿಗೆ ಸೇರಿ ನೆಟ್ಟಗಾಗುವಾಗ ನಿಧಾನವಾಗಿ ಈ ಕಡೆಗೆ ಹೊರಳಿ ನನ್ನ ಭುಜಕ್ಕೆ ಬಂದು ನಿಂತಿತು. ರಸ್ತೆ ಮಗ್ಗುಲು ಬದಲಿಸಿತು, ಮಾವನೂ ಬದಲಿಸಿದ. ಎದುರಿನ ಗಾಡಿಗಳು ಈಗ ಅವನ ಕಿಟಕಿಯ ಪಕ್ಕದಿಂದಲೇ ನೀರು ಚಿಮ್ಮಿಸುತ್ತ ಹೋಗುತ್ತಿದ್ದವು.

ಲಾವೋಸಿನ ತನಿಖಾ ಕಟ್ಟೆಯ ಮುಂದೆ ಬಸ್ಸು ನಿಂತಿತು. ಜನ ಪಾಸ್‌ಪೋರ್ಟು ಹಿಡಿದು ಗಡಿಬಿಡಿಯಿಂದ ಇಳಿದರು. ಕಂಡಕ್ಟರ್ ನಮ್ಮತ್ತ ನೋಡಿ ಏನೋ ಕೂಗಲು ಬಾಯಿ ತೆರೆದ. ನಾನು ತುಟಿಯ ಮೇಲೆ ಬೆರಳಿಟ್ಟೆ. ಡ್ರೈವರ್ ಎಂಜಿನ್ ನಿಲ್ಲಿಸಲು ಕೀಲಿಗೆ ಕೈ ಹಾಕಿ, ಕನ್ನಡಿಯಲ್ಲಿ ಹಿಂದಕ್ಕೆ ನೋಡಿದ. ಮಾವನ ತೆರೆದ ಬಾಯಿಯನ್ನು, ಆಮೇಲೆ ನನ್ನನ್ನು. ಕೀಲಿಯಿಂದ ಕೈ ತೆಗೆದ. ಬಾಗಿಲನ್ನು ಸದ್ದಾಗದಂತೆ ಸರಿಸಿ ಮಳೆಗೆ ಇಳಿದು, ಸೂರಿನಡಿ ನಿಂತು ಸಿಗರೇಟು ಹಚ್ಚಿದ.

ಖಾಲಿ ಬಸ್ಸು ನಿಂತಲ್ಲೇ ನಡುಗುತ್ತಿತ್ತು. ನಾನು ರಸ್ತೆಯ ಮೇಲಿನಿಂದ ಕಣ್ಣು ತೆಗೆಯಲಿಲ್ಲ.